44ರ ಮನೆ 48ರಲ್ಲಿ: ಕಲಬುರಗಿಯ ಒಂದು ಮೌಲ್ಯಮಾಪನ ಪ್ರಕರಣ

ಈ ಪ್ರಕರಣದಲ್ಲಿ ತಪ್ಪು ಮಾಡಿದವನು ನಾನೇ. ಅದಕ್ಕೇ ಬಿಡದೆ ಪೂರ್ತಿ ಬರೆಯುತ್ತಿದ್ದೇನೆ. ಜಾಗ ಕಲಬುರಗಿಯ ಸೇಡಂ ರಸ್ತೆ ಕಡೆ, ಊರ ಹೊರಗಿನ ಒಂದು ಹಳೆಯ ಲೇಔಟ್. ಹೆಸರುಗಳನ್ನು ಬಿಟ್ಟಿದ್ದೇನೆ, ಪ್ಲಾಟ್ ನಂಬರುಗಳನ್ನು ಬದಲಿಸಿದ್ದೇನೆ.

ನಾನು ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದವನು. ಕೆಲವು ವರ್ಷ ಕಟ್ಟಡದ ಕೆಲಸ ಮಾಡಿಸಿ, ಆಮೇಲೆ ಮೌಲ್ಯಮಾಪನಕ್ಕೆ ಬಂದೆ. ಜನರ ಬಾಯಲ್ಲಿ ನಾವು ವ್ಯಾಲ್ಯೂಯರ್. ಯಾರಾದರೂ ಮನೆ ಅಡವಿಟ್ಟು ಸಾಲ ಕೇಳಿದರೆ ಬ್ಯಾಂಕು ಇಬ್ಬರನ್ನು ಕೇಳುತ್ತದೆ. ಕಾಗದ ಪತ್ರ ಸರಿಯಿದೆಯಾ ಎಂದು ವಕೀಲರನ್ನು, ಆಸ್ತಿ ಎಷ್ಟು ಬಾಳುತ್ತದೆ ಎಂದು ನಮ್ಮನ್ನು. ವಕೀಲರು ಜಾಗಕ್ಕೆ ಹೋಗುವುದಿಲ್ಲ. ಬ್ಯಾಂಕಿನವರು ಹೋದರೂ ನಿಂತು ನೋಡಿ ಬರುತ್ತಾರೆ. ಕಾಗದವನ್ನೂ ನೆಲವನ್ನೂ ಒಟ್ಟಿಗೆ ಇಟ್ಟು ನೋಡಬೇಕಾದವನು ವ್ಯಾಲ್ಯೂಯರ್ ಒಬ್ಬನೇ. ಈ ಮಾತು ನನಗೆ ಮೊದಲೇ ಗೊತ್ತಿತ್ತು. ಆದರೂ ಹೀಗಾಯಿತು.

2018ರ ಮೇ 9, ಬುಧವಾರ

ಆ ವಾರ ಊರೇ ಅವಸರದಲ್ಲಿತ್ತು. 12ಕ್ಕೆ ವಿಧಾನಸಭೆಯ ಮತದಾನ. 16ರಿಂದ ಅಧಿಕ ಮಾಸ, ಒಂದು ತಿಂಗಳು ಲಗ್ನ ಇಲ್ಲ. ಹಾಗಾಗಿ ಇದ್ದಬದ್ದ ಲಗ್ನಗಳೆಲ್ಲ ಆ ಕೆಲವು ದಿನಗಳಲ್ಲೇ ತುಂಬಿಕೊಂಡಿದ್ದವು. ನನ್ನ ಹೆಂಡತಿಯ ಅಣ್ಣನ ಮಗಳ ಲಗ್ನ ಮರುದಿನ ಹುಮನಾಬಾದಿನಲ್ಲಿ. ಸಂಜೆಯೊಳಗೆ ಅಲ್ಲಿ ಮುಟ್ಟಬೇಕಿತ್ತು. ನನ್ನ ಪಟ್ಟಿಯಲ್ಲಿ ಐದು ಜಾಗ ಇದ್ದವು. ಇದು ಮೂರನೆಯದು.

ಸಾಲ ಕೇಳಿದವರು ಸರ್ಕಾರಿ ಶಾಲೆಯ ಮಾಸ್ತರು. ಮಗಳ ಲಗ್ನ, ಮಗನ ಓದು ಎರಡೂ ಕೂಡಿ ಬಂದು 12 ಲಕ್ಷ ಬೇಕಾಗಿತ್ತು. ಅವರಿಗೆ ಮತಗಟ್ಟೆ ಡ್ಯೂಟಿ ಬಂದಿತ್ತು, ಅವರೂ ಅವಸರದಲ್ಲಿದ್ದರು. 30×40ರ ಪ್ಲಾಟು. 2012ರಲ್ಲಿ ಕಟ್ಟಿದ ಮನೆ, 950 ಚದರ ಅಡಿ. ಅಂಗಳಕ್ಕೆ ಶಹಾಬಾದ್ ಫರ್ಶಿ ಹಾಸಿ, ಗೇಟಿನ ಪಕ್ಕ ಒಂದು ಬೇವಿನ ಗಿಡ ಹಚ್ಚಿದ್ದರು. ಗೇಟಿನ ಕಂಬದಲ್ಲಿ ಅಂಗೈ ಅಗಲದ ಕರಿಕಲ್ಲು ಕೂರಿಸಿ 44 ಎಂದು ಕೆತ್ತಿಸಿದ್ದರು. ಆ ಸಾಲಿನಲ್ಲಿ ಬೇರೆ ಮನೆ ಇರಲಿಲ್ಲ. ಎರಡೂ ಕಡೆ ಬರೀ ಜಾಲಿ.

ಖರೀದಿ ಪತ್ರದಲ್ಲಿ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಪ್ಲಾಟ್ ನಂ. 43, ಪಶ್ಚಿಮಕ್ಕೆ ಪ್ಲಾಟ್ ನಂ. 45, ಉತ್ತರಕ್ಕೆ 30 ಅಡಿ ರಸ್ತೆ, ದಕ್ಷಿಣಕ್ಕೆ ಪಕ್ಕದ ಸರ್ವೆ ನಂಬರಿನ ಹೊಲ. ನಾನು ಮನೆಯ ಮುಂದೆ ನಿಂತು ಕೇಳಿದೆ, "ಮಾಸ್ತರ, 43 ಯಾವ ಕಡಿ?"

"ಇದ ನೋಡ್ರಿ ಸಾಹೇಬ್ರ," ಎಂದು ಒಂದು ಕಡೆ ಕೈ ತೋರಿಸಿದರು. "ಆ ಕಡಿದು 45."

ನಾನು ಟಿಕ್ ಹಾಕಿದೆ. ರಸ್ತೆ ಇತ್ತು, ಟಿಕ್. ಹಿಂದೆ ಹೊಲ ಇತ್ತು, ಟಿಕ್. ಟೇಪು ಹಿಡಿದು ಪ್ಲಾಟಿನ ಅಳತೆ ತೆಗೆದೆ, 30, 40, ಸರಿ. ಮನೆಯ ಅಳತೆ, ಫೋಟೋ. ಫೋಟೋದ ಮೇಲೆ ವೇಳೆ ಮೂಡಿದೆ: 12 ಗಂಟೆ 20 ನಿಮಿಷ.

ಈ ವೇಳೆಯ ಬಗ್ಗೆ ಒಂದು ಮಾತು ಹೇಳಬೇಕು. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷಕ್ಕೆ ಎರಡು ಸಲ, ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರ, ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೇ ತಿಂಗಳಲ್ಲಿ ನಮ್ಮ ಊರಿನ ಗಡಿಯಾರದಲ್ಲಿ ಅದು 12 ಗಂಟೆ 20 ನಿಮಿಷದ ಹತ್ತಿರ. ಆಗ ಕಂಬಕ್ಕೂ ಮನುಷ್ಯನಿಗೂ ನೆರಳು ಕಾಲ ಬುಡದಲ್ಲೇ ಇರುತ್ತದೆ. ನನಗೆ ಯಾವ ಜಾಗಕ್ಕೆ ಹೋದರೂ ಮೊದಲು ನೆರಳು ನೋಡಿ ದಿಕ್ಕು ಹಿಡಿಯುವ ರೂಢಿ. ಬೆಳಗ್ಗೆಯಾದರೆ ನೆರಳು ಪಶ್ಚಿಮಕ್ಕೆ, ಸಂಜೆಯಾದರೆ ಪೂರ್ವಕ್ಕೆ. ಆ ದಿನ ಆ ಗಳಿಗೆಯಲ್ಲಿ ನೆರಳೇ ಇರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಜೇಬಿನ ಫೋನಿನಲ್ಲಿ ದಿಕ್ಸೂಚಿ ಇತ್ತು, ನಾನು ತೆಗೆಯಲಿಲ್ಲ. ಅದೂ ಬೇಡ. ಉತ್ತರಕ್ಕೆ ರಸ್ತೆ ಇದೆ ಎಂದ ಮೇಲೆ, ಮನೆಗೆ ಬೆನ್ನು ಕೊಟ್ಟು ರಸ್ತೆ ನೋಡುತ್ತಾ ನಿಂತರೆ ಬಲಗೈ ಕಡೆ ಪೂರ್ವ. 43 ಬಲಕ್ಕೆ ಇರಬೇಕು. ಮಾಸ್ತರು ತೋರಿಸಿದ್ದು ಎಡಕ್ಕೆ. ನಾನು ಮನೆ ಕಡೆ ಮುಖ ಮಾಡಿ ನಿಂತಿದ್ದೆ, ಎಡ ಬಲ ಲೆಕ್ಕ ಹಾಕಲೇ ಇಲ್ಲ.

ವರದಿ ಬರೆದೆ. ನೆಲ 1,200 ಚದರ ಅಡಿ, ಅಡಿಗೆ 900ರಂತೆ 10,80,000. ಕಟ್ಟಡ 950 ಚದರ ಅಡಿ, ಅಡಿಗೆ 1,300ರಂತೆ 12,35,000. ಮನೆಯ ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಬೆಲೆ ನೂರಕ್ಕೆ 10 ಎಂದು ಹಿಡಿದರೆ 6 ವರ್ಷದ ಸವಕಳಿ ನೂರಕ್ಕೆ 9, ಅಂದರೆ 1,11,150. ಅದನ್ನು ಕಳೆದು ಒಟ್ಟು 22,03,850 ರೂಪಾಯಿ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ದರಕ್ಕೆ ಸುತ್ತಲಿನ ಮೂರು ಮಾರಾಟಗಳ ಆಧಾರವೂ ಇತ್ತು. ಬ್ಯಾಂಕು 12 ಲಕ್ಷ ಕೊಟ್ಟಿತು. ನನಗೆ ಬಂದ ಶುಲ್ಕ 2,500. ಸಂಜೆ ಹುಮನಾಬಾದಿನಲ್ಲಿ ಊಟಕ್ಕೆ ಕೂತಾಗ ಈ ಮನೆ ನನ್ನ ತಲೆಯಲ್ಲೇ ಇರಲಿಲ್ಲ.

ಸೋಲಾಪುರದಿಂದ ಬಂದವರು

ನಾಲ್ಕೂವರೆ ವರ್ಷ ಕಳೆಯಿತು. ಮಾಸ್ತರು ಒಂದು ಕಂತೂ ತಪ್ಪಿಸಿರಲಿಲ್ಲ. 2022ರ ನವೆಂಬರಿನಲ್ಲಿ ಸೋಲಾಪುರದಿಂದ ಒಬ್ಬರು ವಯಸ್ಸಾದವರು ಬಂದರು. ಮಿಲ್ಲಿನಲ್ಲಿ ದುಡಿದು ನಿವೃತ್ತಿಯಾದವರು. 1996ರಲ್ಲಿ ಇದೇ ಲೇಔಟಿನಲ್ಲಿ 48ನೇ ಪ್ಲಾಟು ಹಿಡಿದಿದ್ದರು. ಹುಟ್ಟಿದ ಜಿಲ್ಲೆಯಲ್ಲೇ ಒಂದು ಮನೆ ಕಟ್ಟಿಸಿ ಇರಬೇಕು ಎಂಬ ಆಸೆ. ಕಂಪೌಂಡ್ ಹಾಕಿಸೋಣ ಎಂದು ಖಾಸಗಿ ಸರ್ವೇಯರ್ ಒಬ್ಬರನ್ನು ಕರೆದುಕೊಂಡು ಬಂದರು. ಅಳೆದು ನೋಡಿ ಸರ್ವೇಯರ್ ಹೇಳಿದ್ದು ಇಷ್ಟೇ: "ಕಾಕಾ, ನಿಮ್ಮ ಜಾಗಾದಾಗ ಮನಿ ಅದ."

ಆ ರಾತ್ರಿ ಮಾಸ್ತರು ನನಗೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಸಾಹೇಬ್ರ, ನೀವ ಅಳದು ಹೋಗಿದ್ರಲ್ಲ. ನಮ್ಮದು 44 ಅಲ್ಲೇನ್ರಿ?"

ಮರುದಿನ ಬೆಳಗ್ಗೆ ಏಳಕ್ಕೇ ಹೋದೆ. ಸೋಲಾಪುರದ ಕಾಕಾ, ಸರ್ವೇಯರ್, ಮಾಸ್ತರು, ನಾನು. ಲೇಔಟಿನ ಮಂಜೂರಾದ ನಕ್ಷೆಯಲ್ಲಿ ಆ ಸಾಲಿನಲ್ಲಿ 11 ಪ್ಲಾಟು, 41ರಿಂದ 51ರವರೆಗೆ, ಪೂರ್ವದಿಂದ ಪಶ್ಚಿಮಕ್ಕೆ. ಎಲ್ಲವೂ 30 ಅಡಿ ಅಗಲ. ಪ್ಲಾಟಿನ ಕಲ್ಲುಗಳು ಒಂದೂ ಉಳಿದಿರಲಿಲ್ಲ. ಉಳಿದದ್ದು ಮೂಲ ಸರ್ವೆ ನಂಬರಿನ ಬಾಂದು ಕಲ್ಲು, ಅಂದರೆ ಗಡಿ ಗುರುತಿನ ಕಲ್ಲು. ಆಗ್ನೇಯ ಮೂಲೆಯಲ್ಲಿ ಜಾಲಿ ಪೊದೆಯ ಬುಡದಲ್ಲಿ ಅದು ಮುಚ್ಚಿಹೋಗಿತ್ತು. ಕೊಡಲಿಯಿಂದ ಜಾಲಿ ಕಡಿದು, ಸಲಿಕೆಯಿಂದ ಎರಿ ಮಣ್ಣು ಎತ್ತಿದಾಗ ಕಲ್ಲಿನ ತಲೆ ಕಾಣಿಸಿತು. ಮಾಸ್ತರು ಕೂತು ತಮ್ಮ ಟವೆಲ್ಲಿನಿಂದ ಅದರ ಮಣ್ಣು ಒರೆಸಿದರು.

ಅಲ್ಲಿಂದ ಟೇಪು ಬಿಟ್ಟೆವು. ಮೊದಲು 20 ಅಡಿ ದಾರಿ. ಆಮೇಲೆ 41, 42, 43, ಮೂರು ಪ್ಲಾಟಿಗೆ 90. ಟೇಪು 110 ಅಡಿಗೆ ನಿಂತಿತು. 44 ಅಲ್ಲಿಂದ ಶುರುವಾಗಬೇಕು. ಎದುರಿಗೆ ಜಾಲಿ ಬಿಟ್ಟರೆ ಏನೂ ಇರಲಿಲ್ಲ. ಮನೆ ಇನ್ನೂ 120 ಅಡಿ ಆಚೆ ನಿಂತಿತ್ತು. ನಾವು ನಾಲ್ಕೂ ಜನ ಸುಮ್ನೆ ಅದನ್ನೇ ನೋಡುತ್ತಾ ನಿಂತೆವು.

ಯಾರೂ ಮೋಸ ಮಾಡಿರಲಿಲ್ಲ. ಪ್ಲಾಟು ತೋರಿಸಿದ ಏಜೆಂಟ್ ಮಾಸ್ತರಿಗೆ ಒಂದು ಜೆರಾಕ್ಸ್ ನಕ್ಷೆ ಕೊಟ್ಟಿದ್ದ. ಮಾಸ್ತರು ಅದನ್ನು ಇನ್ನೂ ಇಟ್ಟುಕೊಂಡಿದ್ದರು. ಕೆಳಗಿನ ಮೂಲೆಯ ಬಾಣದ ಗುರುತು ಜೆರಾಕ್ಸಿನಲ್ಲಿ ಅರ್ಧ ಹೋಗಿತ್ತು. ಆ ನಕ್ಷೆಯಲ್ಲಿ ಉತ್ತರ ಕೆಳಗಿತ್ತು. ಸಾಮಾನ್ಯವಾಗಿ ಮೇಲೆ ಇರುತ್ತದೆ ಎಂದುಕೊಂಡು ಏಜೆಂಟ್ ಪಶ್ಚಿಮದ ತುದಿಯಿಂದ ಎಣಿಸಿದ್ದ. ಆ ಕಡೆಯಿಂದ ನಾಲ್ಕನೆಯದು 48. ಮಾಸ್ತರು ಅಲ್ಲೇ ಪಾಯ ತೋಡಿಸಿದರು. ಪಂಚಾಯ್ತಿಯವರು 44ಕ್ಕೆ ಮನೆ ತೆರಿಗೆ ಹಚ್ಚಿದರು. ವಕೀಲರು 44ರ ಹಕ್ಕು ಸರಿ ಇದೆ ಎಂದರು, ಸರಿಯೇ ಇತ್ತು. ಆಸ್ತಿಯ ಮೇಲಿನ ಋಣ ತೋರಿಸುವ ಇಸಿಯಲ್ಲೂ ಏನೂ ತೊಡಕಿರಲಿಲ್ಲ. ಹತ್ತು ವರ್ಷದಲ್ಲಿ ಈ ತಪ್ಪನ್ನು ಹಿಡಿಯಬಹುದಾಗಿದ್ದ ಒಂದೇ ಒಂದು ಗಳಿಗೆ ಎಂದರೆ ಮೇ 9ರ ಮಧ್ಯಾಹ್ನ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ಕೇಳುತ್ತಾರೆ. ದಿಶಾಂಕ್ ಆ್ಯಪ್ ಹಾಕಿಕೊಂಡರೆ ಸಾಕಲ್ವಾ ಎಂದು. ನಾವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ, ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ಅದು ಲೇಔಟಿನ ಪ್ಲಾಟ್ ನಂಬರು ಹೇಳುವುದಿಲ್ಲ. 44 ಮತ್ತು 48 ಎರಡೂ ಒಂದೇ ಸರ್ವೆ ನಂಬರಿನಲ್ಲಿವೆ. ಎಲ್ಲಿ ನಿಂತರೂ ಸರಿ ಎಂದೇ ಬರುತ್ತಿತ್ತು.

ಮನೆಯಲ್ಲಿ, ಬ್ಯಾಂಕಿನಲ್ಲಿ

ನಾನು ಮೊದಲು ಮಾಡಿದ ಕೆಲಸ 2018ರ ಟಿಪ್ಪಣಿ ಪುಸ್ತಕ ಹುಡುಕಿದ್ದು. ನೋಂದಾಯಿತ ಮೌಲ್ಯಮಾಪಕರಿಗೆ 2017ರ ನಿಯಮಗಳಲ್ಲಿ ನಡತೆ ಸಂಹಿತೆ ಇದೆ, ಕೆಲಸದ ಕಾಗದಗಳನ್ನು ಕನಿಷ್ಠ ಮೂರು ವರ್ಷ ಇಡಬೇಕು. ಆ ಮೂರು ವರ್ಷ ಮುಗಿದಿತ್ತು. ಪುಸ್ತಕ ಇರಲಿಲ್ಲ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕಿತು. ನಾಲ್ಕು ದಿಕ್ಕು, ನಾಲ್ಕು ಟಿಕ್. ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ಒಂದು ಚಿಕ್ಕ ಚಿತ್ರ. ಅದರಲ್ಲಿ ರಸ್ತೆ ಮೇಲೆ, 43 ಎಡಕ್ಕೆ, 45 ಬಲಕ್ಕೆ. ಉತ್ತರದ ಬಾಣ ಹಾಕಿರಲಿಲ್ಲ. ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ನನ್ನ ಹೆಂಡತಿ ಸರ್ಕಾರಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದವಳ ಮುಂದೆ ಪುಸ್ತಕ ಇಟ್ಟೆ. ನೋಡಿದಳು. "ನಾವ್ ಸೂಜಿ ಚುಚ್ಚೂಕಿಂತ ಮೊದಲ ಹೆಸರು ಕೇಳ್ತೀವಿ. ಕೈಗೆ ಕಟ್ಟಿದ ಚೀಟಿನೂ ನೋಡ್ತೀವಿ. ಎರಡೂ ಕೂಡಿದ್ರಷ್ಟ ಚುಚ್ಚೂದು. ನೀವ್ ಮಾಸ್ತರ ಹೇಳಿದ್ದಷ್ಟ ಕೇಳಿ ಬಂದೀರಿ," ಎಂದಳು. ಬೈಯಲಿಲ್ಲ. ಚಹಾ ಇಟ್ಟಳು. ಆಮೇಲೆ ಕೇಳಿದಳು, "ಅವತ್ತ ಐದು ಜಾಗಾ ಯಾಕ ಇಟ್ಕೊಂಡಿದ್ರಿ?"

ಉತ್ತರ ನನ್ನ ಹತ್ತಿರ ಇತ್ತು, ಆದರೆ ಹೇಳಲು ನಾಚಿಕೆಯಾಯಿತು. ಒಂದು ವರದಿಗೆ ಸಿಗುವುದು ಕಡಿಮೆ. ಶಾಖೆಯಿಂದ "ಇವತ್ತೇ ಬೇಕು" ಎಂದು ಫೋನ್ ಬರುತ್ತದೆ. ತಡ ಮಾಡಿದರೆ ಮುಂದಿನ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ. ಮಗಳ ಪಿಯುಸಿ ಫೀಸು ಎದುರಿಗಿತ್ತು. ಹೀಗೆ ಒಂದು ದಿನಕ್ಕೆ ಎರಡು ಇದ್ದದ್ದು ಮೂರಾಯಿತು, ಐದಾಯಿತು. ಈ ವೃತ್ತಿಯಲ್ಲಿ ಜನ ದರದ ಬಗ್ಗೆಯೇ ಜಾಸ್ತಿ ಜಗಳಾಡುತ್ತಾರೆ, ಅಡಿಗೆ 900ಓ 1,000ಓ ಎಂದು. ದರ ತಪ್ಪಿದರೆ ನೂರಕ್ಕೆ ಹತ್ತು ತಪ್ಪಬಹುದು. ಜಾಗ ತಪ್ಪಿದರೆ ವರದಿಯಲ್ಲಿ ಉಳಿಯುವುದು ಏನೂ ಇಲ್ಲ. ಬ್ಯಾಂಕಿಗೆ ಅಡವಾಗಿದ್ದ ನಿಜವಾದ 44 ಆಗ ಖಾಲಿ ಪ್ಲಾಟು. ಅಡಿಗೆ 750 ಹಿಡಿದರೆ 9 ಲಕ್ಷ. ಅದರ ಮೇಲೆ 12 ಲಕ್ಷ ಸಾಲ ಹೋಗಿತ್ತು.

ಬ್ಯಾಂಕಿಗೆ ವಿಷಯ ತಿಳಿಸಿದ್ದು ಮಾಸ್ತರೇ. ನನಗೆ ವಿವರಣೆ ಕೇಳಿ ಪತ್ರ ಬಂತು. ನಮ್ಮ ವರದಿಗಳ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಆಸ್ತಿಯನ್ನು ಸಾಲಗಾರರು ತೋರಿಸಿದಂತೆ ಗುರುತಿಸಲಾಗಿದೆ. ಸ್ನೇಹಿತರಾದ ಹಿರಿಯ ವ್ಯಾಲ್ಯೂಯರ್ ಒಬ್ಬರು, "ಆ ಸಾಲು ಹಿಡ್ಕೊಂಡು ಬರಿ, ನಿನ್ನ ಮ್ಯಾಲ ಬರೂದಿಲ್ಲ," ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಆದರೆ ಆ ಸಾಲು ಹಿಡಿದರೆ ತಪ್ಪೆಲ್ಲ ಮಾಸ್ತರ ತಲೆಗೆ ಹೋಗುತ್ತಿತ್ತು. ಸುಳ್ಳು ಜಾಗ ತೋರಿಸಿ ಸಾಲ ತೆಗೆದ ಎಂದು ಸರ್ಕಾರಿ ನೌಕರನ ಮೇಲೆ ಬಂದರೆ ಗತಿಯೇನು? ನಾನು ಒಂದೇ ಪುಟ ಬರೆದೆ. ಚಕ್ಕುಬಂದಿಯನ್ನು ನೆಲದ ಮೇಲೆ ತಾಳೆ ನೋಡಿಲ್ಲ, ಬಾಂದು ಕಲ್ಲಿನಿಂದ ಅಳೆದಿಲ್ಲ, ತಪ್ಪು ನನ್ನದು ಎಂದೆ. ಟಿಪ್ಪಣಿ ಪುಸ್ತಕದ ಆ ಪುಟದ ಪ್ರತಿಯನ್ನೂ ಜೊತೆಗೆ ಕೊಟ್ಟೆ.

ನನ್ನನ್ನು ಪ್ಯಾನೆಲ್ಲಿನಿಂದ, ಅಂದರೆ ಬ್ಯಾಂಕು ಕೆಲಸ ಕೊಡುವ ವ್ಯಾಲ್ಯೂಯರುಗಳ ಪಟ್ಟಿಯಿಂದ, ತೆಗೆದರು. ಆಗ ನನ್ನ ಅರ್ಧ ಕೆಲಸ ಆ ಬ್ಯಾಂಕಿನದೇ. ಹದಿನಾಲ್ಕು ತಿಂಗಳು ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ. ನಾನು ಕ್ಯಾಪಿಟಲ್ ಗೇನ್ಸ್ ವರದಿ, ಪಾಲುಪಟ್ಟಿಯ ವರದಿ ಎಂದು ಸಣ್ಣಪುಟ್ಟ ಕೆಲಸ ಮಾಡಿದೆ. ಹಳೆಯ ಆಸ್ತಿ ಮಾರುವವರಿಗೆ ಲಾಭದ ಮೇಲಿನ ತೆರಿಗೆ ಲೆಕ್ಕಕ್ಕೆ 2001ರ ಏಪ್ರಿಲ್ 1ರಂದು ಅದರ ಬೆಲೆ ಎಷ್ಟಿತ್ತು ಎಂದು ಬೇಕಾಗುತ್ತದೆ. ಅದು ನಿಧಾನದ ಕೆಲಸ, ಹಳೆಯ ನೋಂದಣಿಗಳನ್ನು ಹುಡುಕಬೇಕು. ಆ ನಿಧಾನ ನನಗೆ ಆಗ ಹಿತವಾಗಿತ್ತು. ಮಧ್ಯಾಹ್ನ ಮನೆಯಲ್ಲಿ ಮಗಳ ಜೊತೆ ಕೂತು ರೊಟ್ಟಿ ತಿನ್ನುವುದು ಅದೆಷ್ಟೋ ವರ್ಷಗಳ ನಂತರ ಸಿಕ್ಕಿತ್ತು.

ದಾರಿ ಹುಡುಕಿದ್ದು

ಎಲ್ಲರೂ ಒಂದೊಂದು ಬುದ್ಧಿ ಹೇಳಿದರು. "ಮನಿ ಕಟ್ಟಿ ಹತ್ತು ವರ್ಷ ಆಯ್ತಲ್ಲ, ಇನ್ನೆರಡು ವರ್ಷ ಎಳೀರಿ, ಹನ್ನೆರಡಾದ್ರ ಜಾಗಾ ನಿಮ್ಮದ," ಎಂದು ಮಾಸ್ತರಿಗೆ ಒಬ್ಬರು ಹೇಳಿದರಂತೆ. ಮಾಸ್ತರು ಅವರನ್ನು ಮತ್ತೆ ಮನೆಗೆ ಕರೆಯಲಿಲ್ಲ. ವಕೀಲರು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 51 ತೆಗೆದು ಓದಿದರು. ತನ್ನದೇ ಎಂದು ನಂಬಿ ಕಟ್ಟಿದವನಿಗೆ ಪರಿಹಾರ ಕೇಳುವ ಹಕ್ಕು ಕೊಡುವ ಕಲಂ ಅದು. ಆದರೆ ಇಲ್ಲಿ ಸಲೀಸಾಗಿ ಹೊಂದುವುದಿಲ್ಲ ಎಂದೂ ಅವರೇ ಹೇಳಿದರು. ಮಾಸ್ತರು ಕೊಂಡದ್ದು 44, ಕಟ್ಟಿದ್ದು 48ರಲ್ಲಿ. ಕೋರ್ಟಿಗೆ ಹೋದರೆ ಕಾಕಾನ ಆಯುಷ್ಯ ಸಾಲುವುದಿಲ್ಲ.

ಉಳಿದದ್ದು ಅದಲುಬದಲು. 48 ಮಾಸ್ತರಿಗೆ, 44 ಕಾಕಾನಿಗೆ. ಕಾಕಾ ಮೊದಲ ದಿನವೇ ಹೇಳಿದ್ದರು, "ನಾ ಮನಿ ಕೆಡವ್ರಿ ಅನ್ಲಿಕ್ಕಿ ಬಂದಾಂವ ಅಲ್ಲ. ನನ್ನ ಜಾಗಾ ಎಲ್ಲದ ಅದನ್ನಷ್ಟ ತೋರಸ್ರಿ." ಆದರೆ ಎರಡು ಪ್ಲಾಟು ಸಮ ಅಲ್ಲ. ಪೂರ್ವದ ಕಡೆ ನೆಲ ಹಳ್ಳಕ್ಕೆ ಇಳಿಯುತ್ತದೆ. 44ರಲ್ಲಿ ಎರಿ ಮಣ್ಣು ಆಳ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯವನ್ನು ಗಟ್ಟಿ ಮೊರಂ ಸಿಗುವ ತನಕ ಇಳಿಸದಿದ್ದರೆ ಗೋಡೆ ಸೀಳುತ್ತದೆ. ಅಲ್ಲಿ ಮನೆ ಕಟ್ಟುವವರಿಗೆ ನೆಲದೊಳಗೇ ಜಾಸ್ತಿ ಖರ್ಚು.

ಬೆಲೆ ಕಟ್ಟಬೇಕಾದವನು ನಾನಲ್ಲ ಎಂದು ಮೊದಲೇ ಹೇಳಿದೆ. ನನ್ನ ಕೈ ಇದರಲ್ಲಿ ಸಿಕ್ಕಿಬಿದ್ದಿದೆ, ನಾನು ಹೇಳಿದ ಅಂಕಿಯನ್ನು ಯಾರು ನಂಬಬೇಕು? ಬೀದರಿನ ಒಬ್ಬ ವ್ಯಾಲ್ಯೂಯರ್ ಬಂದರು. ನಾನು ಹತ್ತಿರವೂ ಹೋಗಲಿಲ್ಲ. ಅವರು 48ಕ್ಕೆ ಅಡಿಗೆ 1,500, 44ಕ್ಕೆ 1,250 ಎಂದು ಬರೆದರು. ವ್ಯತ್ಯಾಸ 250, 1,200 ಚದರ ಅಡಿಗೆ 3 ಲಕ್ಷ. ಕಾಕಾ 2 ಲಕ್ಷಕ್ಕೆ ಒಪ್ಪಿದರು. ಮಾಸ್ತರು ತಮ್ಮ ಭವಿಷ್ಯ ನಿಧಿಯಿಂದ (ಜಿಪಿಎಫ್) ತೆಗೆದು ಕೊಟ್ಟರು. 44ರ ಮೂಲ ಪತ್ರ ಬ್ಯಾಂಕಿನಲ್ಲಿತ್ತು. ಬ್ಯಾಂಕು ಅದನ್ನು ಬಿಟ್ಟುಕೊಟ್ಟು 48ರ ಪತ್ರ ಇಟ್ಟುಕೊಳ್ಳಲು ಒಪ್ಪಬೇಕಿತ್ತು. ಮನೆ ಇರುವ ಜಾಗವೇ ಅಡವಿಗೆ ಬರುವುದರಿಂದ ಅವರಿಗೂ ಒಳ್ಳೆಯದೇ, ಆದರೂ ಕಾಗದ ಮೇಲಿನ ಕಚೇರಿಗೆ ಹೋಗಿ ಬರಲು ತಿಂಗಳುಗಟ್ಟಲೆ ಹಿಡಿಯಿತು. 2023ರ ಅಕ್ಟೋಬರ್ 1ರಿಂದ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಮಾರ್ಗಸೂಚಿ ದರ ಏರುತ್ತದೆ ಎಂದು ಗೊತ್ತಾದಾಗ ಎಲ್ಲರೂ ಓಡಾಡಿ ಸೆಪ್ಟೆಂಬರಿನಲ್ಲೇ ನೋಂದಣಿ ಮುಗಿಸಿದೆವು. ಸರ್ವೇಯರ್, ಬೀದರಿನವರ ಶುಲ್ಕ ಮತ್ತು ಮುದ್ರಾಂಕದ ಅರ್ಧ ನಾನು ಕೊಟ್ಟೆ. ಮಾಸ್ತರು ಎರಡು ಸಲ ಬೇಡ ಎಂದರು. ಮೂರನೇ ಸಲ ನನ್ನ ಹೆಂಡತಿ ಹೋಗಿ ಅವರ ಹೆಂಡತಿಯ ಕೈಯಲ್ಲಿ ಇಟ್ಟು ಬಂದಳು.

ಮರುವರ್ಷ ಆ ಬ್ಯಾಂಕು ನನ್ನನ್ನು ಮತ್ತೆ ಸೇರಿಸಿಕೊಂಡಿತು. ಈಗ ದಿನಕ್ಕೆ ಎರಡೇ ಜಾಗ. ಮನೆಗೆ ಬೆನ್ನು ಕೊಟ್ಟು ರಸ್ತೆ ನೋಡುತ್ತಾ ನಿಂತು, ಬಲಗೈ ಚಾಚಿ, ಆ ಕಡೆ ಯಾವ ದಿಕ್ಕು ಎಂದು ಮೊದಲು ಬರೆಯುತ್ತೇನೆ. ಉತ್ತರದ ಬಾಣ ಹಾಕದೆ ಚಿತ್ರ ಬಿಡಿಸುವುದಿಲ್ಲ. ಮಂಜೂರಾದ ನಕ್ಷೆ ಕೊಡದಿದ್ದರೆ ಕೆಲಸ ಹಿಡಿಯುವುದಿಲ್ಲ, ಜೆರಾಕ್ಸಿನ ಜೆರಾಕ್ಸ್ ನಡೆಯುವುದಿಲ್ಲ. ಗೇಟಿನ ಮೇಲೆ ಕೆತ್ತಿದ ನಂಬರನ್ನು ಕೊನೆಗೆ ನೋಡುತ್ತೇನೆ. ಎರಡು ಶಾಖೆಯವರು ನನಗೆ ಕೆಲಸ ಕೊಡುವುದನ್ನು ಬಿಟ್ಟಿದ್ದಾರೆ, ತಡ ಆಗುತ್ತದೆ ಎಂದು.

ನೋಂದಣಿಯಾದ ವಾರ ಮಾಸ್ತರು ಗವಂಡಿಯನ್ನು ಕರೆಸಿ ಗೇಟಿನ ಕಂಬದ ಕರಿಕಲ್ಲು ಬಿಡಿಸಿದರು. ಒಂದು ಮೂಲೆ ಸ್ವಲ್ಪ ಒಡೆಯಿತು. ಅದನ್ನು ಹಳೆಯ ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಮುಂದೆ ಕಾಲ ಹತ್ತಿರ ಇಟ್ಟುಕೊಂಡು, 120 ಅಡಿ ಆಚೆ ಪಾಯ ತೋಡಿಸುತ್ತಿದ್ದ ಕಾಕಾನಿಗೆ ಕೊಟ್ಟು ಬಂದರು.